ಇಬಿವಿ ಪಾಸಿಟಿವ್ ಬಂದಿದೆ, ಮುಂದೆ ಕ್ಯಾನ್ಸರ್ ಬರುತ್ತದಾ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಎರಡು ತಿಂಗಳ ಹಿಂದೆ ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು ಬಂದು ಮೂರು ವಾರ ಮಲಗಿಬಿಟ್ಟಿದ್ದಳು. ಈಗ ಆರಾಮಾಗಿದ್ದಾಳೆ. ಆದರೆ ರಕ್ತ ಪರೀಕ್ಷೆಯಲ್ಲಿ ‘ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಪಾಸಿಟಿವ್’ ಅಂತ ಬಂದಿದೆ. ಮೊಬೈಲಿನಲ್ಲಿ ಹುಡುಕಿದರೆ ಅದು ಕ್ಯಾನ್ಸರ್ ತರುವ ವೈರಸ್ಸಂತೆ, ಸಾಯುವವರೆಗೂ ಮೈಯಲ್ಲೇ ಇರುತ್ತದಂತೆ. ನನಗೆ ನಿದ್ದೆಯೇ ಬರುತ್ತಿಲ್ಲ ಡಾಕ್ಟ್ರೇ.
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ನಿದ್ದೆ ಮಾಡಿ ಅಮ್ಮ. ಅದೇ ಪರೀಕ್ಷೆ ನಿಮಗೆ ಮಾಡಿಸಿದರೂ ಬಹುಶಃ ಪಾಸಿಟಿವ್ ಅಂತಲೇ ಬರುತ್ತದೆ, ನನಗೂ ಅಷ್ಟೇ. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಈ ವೈರಸ್ ಇದೆ. ಎಂಜಲಿನಿಂದ ಹರಡುತ್ತದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಗೊತ್ತಾಗದ ಹಾಗೆ ಬಂದು ಹೋಗಿರುತ್ತದೆ. ಹೋಗಿರುತ್ತದೆ ಅನ್ನೋದು ತಪ್ಪು, ಬಂದು ಕೂತಿರುತ್ತದೆ. ಹದಿಹರೆಯದಲ್ಲಿ ಬಂದರೆ ಮಾತ್ರ ಹೀಗೆ ವಾರಗಟ್ಟಲೆ ಮಲಗಿಸುವುದುಂಟು.

ಹಾಗಂತ ಮೊಬೈಲ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮನುಷ್ಯರ ಕ್ಯಾನ್ಸರಿನಲ್ಲಿ ಕಂಡ ಮೊದಲ ವೈರಸ್ಸೇ ಇದು. ಉಗಾಂಡದಲ್ಲಿದ್ದ ಸರ್ಜನ್ ಡೆನಿಸ್ ಬರ್ಕಿಟ್ ಅಲ್ಲಿನ ಮಕ್ಕಳ ದವಡೆಯಲ್ಲಿ ಬೆಳೆಯುವ ಗಡ್ಡೆಗಳ ಬಗ್ಗೆ 1961ರಲ್ಲಿ ಲಂಡನ್ನಿನಲ್ಲಿ ಮಾತಾಡಿದರು. ಅದನ್ನು ಕೇಳಿದ ವಿಜ್ಞಾನಿ ಆಂಥನಿ ಎಪ್‌ಸ್ಟೀನ್, ಗಡ್ಡೆಯ ತುಣುಕುಗಳನ್ನು ವಿಮಾನದಲ್ಲಿ ತರಿಸಿಕೊಳ್ಳತೊಡಗಿದರು. ಎರಡು ವರ್ಷ ಏನೂ ಸಿಗಲಿಲ್ಲ. ಒಂದು ದಿನ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು, ತುಣುಕು ಕೈಗೆ ಬರುವಷ್ಟರಲ್ಲಿ ದ್ರವ ಕದಡಿಹೋಗಿತ್ತು. ಕೆಟ್ಟಿದೆ ಅಂತ ಚೆಲ್ಲುವ ಬದಲು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗಡ್ಡೆಯಿಂದ ಬಿಡಿಬಿಡಿಯಾಗಿ ಕಳಚಿಬಂದ ಕೋಶಗಳು ಜೀವಂತವಾಗಿ ತೇಲುತ್ತಿದ್ದವು. ಅವನ್ನೇ ಬೆಳೆಸಿ, 1964ರಲ್ಲಿ ಇವೊನ್ ಬಾರ್, ಬರ್ಟ್ ಅಚಾಂಗ್ ಜೊತೆ ಸೇರಿ ವೈರಸ್ ತೋರಿಸಿದರು. (ಅಚಾಂಗ್ ಹೆಸರು ವೈರಸ್ಸಿಗೆ ಸೇರಲೇ ಇಲ್ಲ, ಪಾಪ.)

ಈಗ ಅದು ಒಳಗೆ ಏನು ಮಾಡುತ್ತದೆ ಅಂತ ಹೇಳುತ್ತೇನೆ. ವೈರಸ್ ಅಡಗುವುದು ಬಿ ಕೋಶ ಅನ್ನುವ ಬಿಳಿ ರಕ್ತಕಣದಲ್ಲಿ. ನಾವು ಸತ್ತರೆ ಅದಕ್ಕೂ ನಷ್ಟ, ಅದಕ್ಕೆ ಬೇಕಾದ್ದು ತಣ್ಣಗೆ ಇರಲು ಒಂದು ಜಾಗ ಅಷ್ಟೇ. ಆ ಜಾಗ ಉಳಿಸಿಕೊಳ್ಳಲು ಅದು ಮಾಡಿಕೊಂಡಿರುವ ಪ್ರೋಟೀನುಗಳೇ ಕೆಲವೊಮ್ಮೆ ಎಡವಟ್ಟಿಗೆ ಕಾರಣ.

ನಿಮ್ಮ ಕಡೆ ತೋಟದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರಲ್ಲ, ಎಲ್‌ಎಂಪಿ-1 ಅನ್ನುವ ಪ್ರೋಟೀನ್ ಹಾಗೆ. ಬಿ ಕೋಶ ಬೆಳೆಯಬೇಕಾದರೆ ಹೊರಗಿನಿಂದ ಇನ್ನೊಂದು ಕೋಶ ಬಂದು ಸ್ವಿಚ್ ಒತ್ತಬೇಕು. ಎಲ್‌ಎಂಪಿ-1 ಇದ್ದರೆ ಯಾರೂ ಒತ್ತಬೇಕಿಲ್ಲ, ಸುಮ್ನೆ ಓಡುತ್ತಲೇ ಇರುತ್ತದೆ. ಎಲ್‌ಎಂಪಿ-2ಎ ಕೆಲಸ ಪ್ರಾಕ್ಸಿ ಹಾಜರಿಯ ಥರ. ಹೊರಗಿನ ಸಂಕೇತ ಹಿಡಿಯುವ ಸರಿಯಾದ ರಿಸೆಪ್ಟರ್ ಇಲ್ಲದ ಬಿ ಕೋಶ ಸಾಯಬೇಕು, ಇದು ‘ಇದ್ದೀನಿ ಸಾರ್’ ಅಂತ ಸುಳ್ಳು ಕೂಗಿ ಬದುಕಿಸುತ್ತದೆ. ಇಬಿಎನ್‌ಎ-1 ಒಂದು ಕೊಕ್ಕೆ. ವೈರಸ್ಸಿನ ಡಿಎನ್‌ಎಯನ್ನು ನಮ್ಮ ಕ್ರೋಮೋಸೋಮಿಗೆ ಸಿಕ್ಕಿಸಿ, ಕೋಶ ಎರಡಾದಾಗ ಎರಡಕ್ಕೂ ಪಾಲು ಸಿಗುವ ಹಾಗೆ ನೋಡಿಕೊಳ್ಳುತ್ತದೆ. ಇದೇ ಕೊಕ್ಕೆ ನಮ್ಮ 11ನೇ ಕ್ರೋಮೋಸೋಮಿನ ಒಂದು ಜಾಗದಲ್ಲಿ ಗುಂಪಾಗಿ ಅಂಟಿಕೊಳ್ಳುತ್ತದೆ, ಪ್ರಮಾಣ ಜಾಸ್ತಿಯಾದರೆ ಅಲ್ಲಿ ಡಿಎನ್‌ಎ ಮುರಿಯುತ್ತದೆ ಅಂತ 2023ರಲ್ಲಿ ಗೊತ್ತಾಯಿತು. ನನಗೆ ಇವುಗಳಲ್ಲಿ ಜಾಸ್ತಿ ದಿಗಿಲು ಹುಟ್ಟಿಸುವುದು ಇದೇ.

ಇಷ್ಟೆಲ್ಲ ಇದ್ದೂ ನಮಗೆಲ್ಲ ಯಾಕೆ ಕ್ಯಾನ್ಸರ್ ಬಂದಿಲ್ಲ? ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಹಗಲೂ ರಾತ್ರಿ ಕಾವಲು ಕಾಯುತ್ತವೆ. ಆಟೋ ಸ್ಟಾರ್ಟರ್ ಹಾಕಿದ ಕೋಶ ಕಣ್ಣಿಗೆ ಬಿದ್ದರೆ ಅಲ್ಲೇ ಮುಗಿಸುತ್ತವೆ. ಹಾಗಾಗಿ ವೈರಸ್ ಈ ಪ್ರೋಟೀನುಗಳನ್ನು ಬಹುಪಾಲು ನಿಲ್ಲಿಸಿ ಮುದುಡಿ ಕೂರುತ್ತದೆ. ಕಾವಲು ಸಡಿಲವಾದಾಗ ಕಷ್ಟ: ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು, ಎಚ್‌ಐವಿ ಇರುವವರು. ಉಗಾಂಡದ ಆ ಮಕ್ಕಳಿಗೆ ಮತ್ತೆ ಮತ್ತೆ ಬರುವ ಮಲೇರಿಯಾವೂ ಸೇರಿತ್ತು, ಜೊತೆಗೆ ಕೋಶವನ್ನು ಬೆಳೆಸುವ ಮಿಕ್ ಅನ್ನುವ ಜೀನ್ ತಪ್ಪು ಕ್ರೋಮೋಸೋಮಿಗೆ ಹಾರಿತ್ತು. ವೈರಸ್ ಒಂದೇ ಸಾಕಾಗಲ್ಲ, ಇಂಥ ಎಡವಟ್ಟುಗಳು ಕೂಡಿಬರಬೇಕು. ಮೂಗಿನ ಹಿಂಭಾಗದ ಕ್ಯಾನ್ಸರ್ ದಕ್ಷಿಣ ಚೀನಾದಲ್ಲಿ, ನಮ್ಮ ನಾಗಾಲ್ಯಾಂಡಿನಲ್ಲಿ ಜಾಸ್ತಿ, ಕರ್ನಾಟಕದಲ್ಲಿ ಕಡಿಮೆ. ಹೊಟ್ಟೆಯ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂದರಷ್ಟರಲ್ಲಿ ಈ ವೈರಸ್ ಸಿಗುತ್ತದೆ.

ನಿಮ್ಮ ಮಗಳಿಗೆ ಮತ್ತೆ ಮತ್ತೆ ಟೆಸ್ಟ್ ಬೇಡ, ಅದು ಯಾವಾಗಲೂ ಪಾಸಿಟಿವ್ ತೋರಿಸುತ್ತದೆ, ದುಡ್ಡು ದಂಡ. ಕುತ್ತಿಗೆಯ ಗಂಟು ಕರಗದೆ ಉಳಿದರೆ ಅಥವಾ ದೊಡ್ಡದಾದರೆ, ಬಿಟ್ಟುಬಿಟ್ಟು ಜ್ವರ ಬಂದು ತೂಕ ಇಳಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: (ಅದೇ ಪತ್ರದಲ್ಲಿ) ಮನೆಯಲ್ಲಿ ಒಂದು ವರ್ಷದ ಮೊಮ್ಮಗ ಇದ್ದಾನೆ. ಮಗಳ ತಟ್ಟೆ, ಲೋಟ ಬೇರೆ ಇಡಬೇಕಾ? ಲಸಿಕೆ ಇದೆಯಾ?

ಉತ್ತರ: ಲಸಿಕೆ ಇನ್ನೂ ಬಂದಿಲ್ಲ, ಪ್ರಯೋಗ ನಡೆಯುತ್ತಿದೆ. ತಟ್ಟೆ ಬೇರೆ ಇಟ್ಟು ಉಪಯೋಗವಿಲ್ಲ. ಆ ಕೂಸಿಗೆ ತುತ್ತು ಬಾಯಲ್ಲಿ ಆರಿಸಿ ಕೊಡುವುದು ಅಜ್ಜಿ, ಅಂದರೆ ನೀವೇ ಅಲ್ವಾ?