ವಾಹನ ವಿಮೆ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಮಳೆಗಾಲಕ್ಕೆ ಮುನ್ನ ಕೊಡಗಿನ ಓದುಗರು ಕಾರಿನ ವಿಮೆ ಕುರಿತು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 1,197 ಸಿಸಿ ಪೆಟ್ರೋಲ್ ಕಾರು, ನಾಲ್ಕು ವರ್ಷ ತುಂಬಿದೆ. ರಿನ್ಯೂವಲ್‌ಗೆ ಮೂರು ಕಡೆ ವಿಚಾರಿಸಿದರೆ ಮೂರು ದರ ಹೇಳುತ್ತಾರೆ. ನಿಜವಾಗಿ ಅಗ್ಗ ಯಾವುದೆಂದು ತಿಳಿಯುವುದು ಹೇಗೆ? (ಕುಶಾಲನಗರ)

ಉತ್ತರ: ಕೊಟೇಶನ್ ಕೈಗೆ ಬಂದ ಕೂಡಲೇ ಕೊನೆಯ ಸಾಲಿನ ಮೊತ್ತ ನೋಡಬೇಡಿ. ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ) ಎಷ್ಟು, ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಗೆ) ಎಷ್ಟು ಎಂದು ಬೇರೆ ಬೇರೆ ಮಾಡಿಕೊಳ್ಳಿ. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿಪಡಿಸಿದ್ದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ ಖಾಸಗಿ ಕಾರಿಗೆ ವರ್ಷಕ್ಕೆ 1,000 ಸಿಸಿವರೆಗೆ ರೂ. 2,094, ಅದಕ್ಕಿಂತ ಮೇಲೆ 1,500 ಸಿಸಿವರೆಗೆ ರೂ. 3,416, ಅದಕ್ಕೂ ಮೇಲಾದರೆ ರೂ. 7,897. ಈ ಪಟ್ಟಿ ಎಲ್ಲ ಕಂಪನಿಗೂ ಒಂದೇ. ಹಾಗಾಗಿ ‘ಥರ್ಡ್ ಪಾರ್ಟಿಯಲ್ಲಿ ಡಿಸ್ಕೌಂಟ್ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಕಡೆ ನಕಲಿ ಪಾಲಿಸಿ ಸಿಗುವ ಸಾಧ್ಯತೆಯೇ ಹೆಚ್ಚು.

ಚೌಕಾಸಿಗೆ ಜಾಗ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ. ಅಲ್ಲಿ ಮೊದಲು ನೋಡಬೇಕಾದದ್ದು ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ರಿಪೇರಿಗೆ ನಿಲುಕದಷ್ಟು ಹಾಳಾದರೆ ಕೈಗೆ ಬರುವ ಗರಿಷ್ಠ ಹಣ. ಅದೇ ಮಾದರಿಯ ಇಂದಿನ ಶೋರೂಂ ಬೆಲೆಯಲ್ಲಿ ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50 ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ನಿಮ್ಮ ಮಾದರಿಗೆ ಈಗ ರೂ. 8 ಲಕ್ಷ ಇದ್ದರೆ ಐಡಿವಿ ಸುಮಾರು ರೂ. 4 ಲಕ್ಷ ಬರಬೇಕು. ಅಗ್ಗದ ಕೊಟೇಶನ್ನಿನಲ್ಲಿ ಅದನ್ನು ರೂ. 3.4 ಲಕ್ಷಕ್ಕೆ ಇಳಿಸಿದ್ದರೆ, ಇವತ್ತು ಕೆಲವು ನೂರು ರೂಪಾಯಿ ಉಳಿಸಿ ಮುಂದೆ ರೂ. 60,000 ಬಿಟ್ಟುಕೊಡಲು ಒಪ್ಪಿದಂತೆ. ಮೂರೂ ಕಡೆ ‘ಒಂದೇ ಐಡಿವಿ, ಒಂದೇ ಆ್ಯಡ್-ಆನ್ (ಹೆಚ್ಚುವರಿ ರಕ್ಷಣೆ) ಹಾಕಿ ಹೊಸದಾಗಿ ಕೊಡಿ’ ಎಂದು ಕೇಳಿ. ಆಗ ದರಗಳ ಅಂತರ ಬಹುಪಾಲು ಕರಗಿಹೋಗುತ್ತದೆ. ಶೇ 18 ಜಿಎಸ್‌ಟಿ ಸೇರಿದ ಮೊತ್ತವನ್ನೇ ಹೋಲಿಸಿ. ಒಬ್ಬರು ತೆರಿಗೆ ಸೇರಿಸಿ, ಇನ್ನೊಬ್ಬರು ಸೇರಿಸದೆ ಹೇಳುವುದುಂಟು.

ನ್ಯಾಯವಾಗಿ ಉಳಿಸುವ ದಾರಿಗಳೂ ಇವೆ. ಮಾಲೀಕ-ಚಾಲಕರ ರೂ. 15 ಲಕ್ಷದ ಅಪಘಾತ ವಿಮೆ ನಿಮ್ಮ ಸ್ಕೂಟರಿನ ಪಾಲಿಸಿಯಲ್ಲೋ ಬೇರೆ ಪಾಲಿಸಿಯಲ್ಲೋ ಆಗಲೇ ಇದ್ದರೆ ಕಾರಿಗೆ ಮತ್ತೊಮ್ಮೆ ಕಟ್ಟಬೇಕಿಲ್ಲ, ಘೋಷಣೆ ಬರೆದುಕೊಟ್ಟರೆ ಸಾಕು. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕುವವರು ನೀವಲ್ಲದಿದ್ದರೆ ರೂ. 2,500ರ ವಾಲಂಟರಿ ಡಿಡಕ್ಟಿಬಲ್ ತೆಗೆದುಕೊಳ್ಳಿ. ಪ್ರತಿ ಕ್ಲೇಮಿನಲ್ಲೂ ಅಷ್ಟು ಹಣ ನಿಮ್ಮ ಕೈಯಿಂದ ಹೋಗುತ್ತದೆ, ಬದಲಿಗೆ ಪ್ರೀಮಿಯಂ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅವಧಿ ಮುಗಿಯುವ ಮೊದಲೇ ಕಟ್ಟಿ. ಒಂದು ದಿನ ತಪ್ಪಿದರೂ ಕಾರಿನ ತಪಾಸಣೆ ಆಗಬೇಕು, 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ.

ಪ್ರಶ್ನೆ: ಮಡಿಕೇರಿಯ ಇಳಿಜಾರು ಗಲ್ಲಿಯಲ್ಲಿ ತಿರುಗಿಸುವಾಗ ಹಿಂದಿನ ಬಂಪರ್ ಒಡೆಯಿತು. ಗ್ಯಾರೇಜಿನವರು ರೂ. 6,000 ಎನ್ನುತ್ತಾರೆ. ಆರು ವರ್ಷದಿಂದ ಕ್ಲೇಮ್ ಮಾಡಿಲ್ಲ, ಝೀರೋ ಡೆಪ್ (ಸವಕಳಿ ಕಳೆಯದೆ ಬಿಡಿಭಾಗದ ಬೆಲೆ ಕೊಡುವ ಆ್ಯಡ್-ಆನ್) ಇಲ್ಲ. ಈಗ ಹಾಕಲೇ? (ಮಡಿಕೇರಿ)

ಉತ್ತರ: ಬೇಡ. ಬಿಲ್ಲನ್ನು ಬಿಡಿಸಿ ನೋಡಿ. ಬಂಪರ್ ರೂ. 3,500, ಪೇಂಟ್ ರೂ. 1,500, ಕೂಲಿ ರೂ. 1,000 ಎಂದಿಟ್ಟುಕೊಳ್ಳೋಣ. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ಬೆಲೆಯಷ್ಟೇ ಸಿಗುತ್ತದೆ. ಹಾಗಾಗಿ ಬಂಪರಿನಲ್ಲಿ ರೂ. 1,750 ಕಡಿತ. ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಪರಿಗಣಿಸಿ ಅದರಲ್ಲಿ ಅರ್ಧ ಕಳೆಯುತ್ತಾರೆ, ಅದು ಸುಮಾರು ರೂ. 190. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ರೂ. 1,000. ಕೊನೆಗೆ ಸಿಗುವುದು ರೂ. 3,060ರ ಆಸುಪಾಸು.

ಇನ್ನೊಂದು ಕಡೆ, ನಿಮ್ಮ ನೋ ಕ್ಲೇಮ್ ಬೋನಸ್ ಈಗ ಗರಿಷ್ಠ ಶೇ 50ಕ್ಕೆ ಮುಟ್ಟಿದೆ. ಒಂದು ಕ್ಲೇಮ್ ಹಾಕಿದರೆ ಸೊನ್ನೆಗೆ ಇಳಿದು ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಬೋನಸ್ ಕಳೆಯುವ ಮುನ್ನ ಓನ್ ಡ್ಯಾಮೇಜ್ ಪ್ರೀಮಿಯಂ ರೂ. 7,000 ಇದ್ದು, ಅದು ಬದಲಾಗದು ಎಂದುಕೊಂಡರೂ ಮುಂದಿನ ಐದು ವರ್ಷ ಕ್ರಮವಾಗಿ ರೂ. 3,500, 2,100, 1,750, 1,050, 350 ಹೆಚ್ಚು ಕಟ್ಟುತ್ತೀರಿ. ಒಟ್ಟು ರೂ. 8,750, ಮೇಲೆ ಜಿಎಸ್‌ಟಿ. ಮೂರು ಸಾವಿರಕ್ಕಾಗಿ ಇಷ್ಟು ಕಳೆದುಕೊಳ್ಳುವುದು ಬೇಡ. ನಿಮ್ಮ ಪಾಲಿಸಿಯಲ್ಲಿ, ಕ್ಲೇಮ್ ಹಾಕಿದರೂ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಪ್ರಶ್ನೆ: ಕಾವೇರಿ ಉಕ್ಕಿದಾಗ ನಮ್ಮ ಕಡೆ ರಸ್ತೆ ಮೇಲೆ ನೀರು ನಿಲ್ಲುತ್ತದೆ. ಫುಲ್ ಇನ್ಶೂರೆನ್ಸ್ ಇದ್ದ ಮೇಲೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ದುಡ್ಡು ಯಾಕೆ ಕೊಡಬೇಕು? (ನಾಪೋಕ್ಲು)

ಉತ್ತರ: ಕೊಡಗಿನಲ್ಲಿ, ಅದರಲ್ಲೂ ನದಿ ದಂಡೆಯ ಊರುಗಳಲ್ಲಿ, ಇದನ್ನು ಬಿಡಲೇಬಾರದು. ಝೀರೋ ಡೆಪ್ ಮತ್ತು ಇದರಲ್ಲಿ ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ, ಹಳ್ಳಿ ರಸ್ತೆಯಲ್ಲಿ ಓಡಾಡುವ ನಿಮಗೆ ಎಂಜಿನ್ ಪ್ರೊಟೆಕ್ಟನ್ನೇ ಹೇಳುತ್ತೇವೆ.

ಕಾರಣ ಹೀಗಿದೆ. ಪ್ರವಾಹ ಎಂಬುದು ಸಾಮಾನ್ಯ ಓನ್ ಡ್ಯಾಮೇಜ್ ಪಾಲಿಸಿಯಲ್ಲೇ ಇದೆ. ನಿಲ್ಲಿಸಿದ್ದ ಕಾರಿನೊಳಗೆ ನೀರು ನುಗ್ಗಿ ಸೀಟು, ಕಾರ್ಪೆಟ್, ವೈರಿಂಗ್ ಹಾಳಾದರೆ ಅದರಲ್ಲೇ ಬರುತ್ತದೆ. ಆದರೆ ನೀರಿನಲ್ಲಿ ಓಡಿಸುವಾಗ ಆಗುವ ನಷ್ಟವೇ ಬೇರೆ. ಗಾಳಿ ಎಳೆಯುವ ಕೊಳವೆಯ ಬಾಯಿ ಹಲವು ಕಾರುಗಳಲ್ಲಿ ಮುಂದಿನ ಗ್ರಿಲ್ ಹಿಂದೆ, ಹೆಡ್‌ಲೈಟ್ ಮಟ್ಟದಲ್ಲಿರುತ್ತದೆ. ಮುಂಭಾಗದಲ್ಲಿ ಎದ್ದ ಅಲೆ ಅಲ್ಲಿಗೆ ತಲುಪಿದರೆ ಸಿಲಿಂಡರಿಗೆ ಗಾಳಿಯ ಬದಲು ನೀರು ಹೋಗುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಮೇಲಕ್ಕೆ ಬರುವ ಪಿಸ್ಟನ್ ತಡೆದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ಇದು ‘ಪರಿಣಾಮವಾಗಿ ಆದ ನಷ್ಟ’ ಎಂದು ಕಂಪನಿಗಳು ಎಂಜಿನ್ ಬಿಲ್ಲನ್ನು ತಳ್ಳಿಹಾಕುತ್ತವೆ. ಆ ಕಂದಕವನ್ನು ಮುಚ್ಚಲೆಂದೇ ಈ ಆ್ಯಡ್-ಆನ್ ಇರುವುದು.

ಎಂಜಿನ್ ಪ್ರೊಟೆಕ್ಟ್ ಇದ್ದವರ ಕ್ಲೇಮ್ ಕೂಡ ಹೆಚ್ಚಾಗಿ ಬಿದ್ದುಹೋಗುವುದು ಒಂದು ತಪ್ಪಿನಿಂದ. ನೀರಲ್ಲಿ ಕಾರು ನಿಂತಿತು, ಮತ್ತೆ ಕೀ ತಿರುಗಿಸಿದರು. ಮೊದಲ ಸಲ ನಿಂತಾಗ ರಾಡ್ ಉಳಿದಿರಬಹುದು, ಎರಡನೇ ಸಲ ಸ್ಟಾರ್ಟ್ ಮಾಡಿದಾಗ ಬಾಗುತ್ತದೆ. ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ಇದನ್ನೇ ಹುಡುಕುತ್ತಾರೆ. ಆದ್ದರಿಂದ ಕಾರು ನಿಂತ ಕೂಡಲೇ ಇಗ್ನಿಷನ್ ಆಫ್ ಮಾಡಿ, ಸುಮ್ಮನೆ ಪರೀಕ್ಷೆಗೂ ಕೀ ಮುಟ್ಟಬೇಡಿ. ತಳ್ಳಿ ಸ್ಟಾರ್ಟ್ ಮಾಡಿಸುವುದಂತೂ ಬೇಡವೇ ಬೇಡ. ಮೊದಲು ಜನ ಸುರಕ್ಷಿತ ಜಾಗಕ್ಕೆ ಹೋಗಲಿ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬಾಗಿಲ ಒಳಬದಿಯಲ್ಲಿ, ಸೀಟಿನ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ತೊಳೆಯುವ ಮೊದಲು ನಂಬರ್ ಪ್ಲೇಟ್ ಕಾಣುವಂತೆ ಅದರ ಫೋಟೋ ತೆಗೆಯಿರಿ. ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ಹಗ್ಗ ಕಟ್ಟಿ ಎಳೆಯುವ ಬದಲು ಪ್ಲಾಟ್‌ಫಾರ್ಮ್ ಗಾಡಿಯ ಮೇಲೆ ಸಾಗಿಸಿ. ಗೇರಿನಲ್ಲಿದ್ದರೆ ಚಕ್ರ ಉರುಳಿದಾಗ ಎಂಜಿನ್ನೂ ತಿರುಗುತ್ತದೆ, ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸಿಗೂ ಪೆಟ್ಟು. ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಲು ಹೇಳಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗಿದೆ. ಸರ್ವೇಯರ್ ನೋಡುವವರೆಗೆ ಎಂಜಿನ್ ಬಿಚ್ಚಿಸಬೇಡಿ.

ಪಾಲಿಸಿ ಕೊಳ್ಳುವಾಗ ಎರಡು ವಿಷಯ ವಿಚಾರಿಸಿ: ಎಂಜಿನ್ ಜೊತೆಗೆ ಗೇರ್‌ಬಾಕ್ಸ್ ಸೇರಿದೆಯೇ, ಎಷ್ಟು ವಯಸ್ಸಿನ ಕಾರಿನವರೆಗೆ ಕೊಡುತ್ತಾರೆ. ಹೊಸ ಆಯಿಲ್, ಕೂಲಂಟ್, ನಟ್ಟು ಬೋಲ್ಟುಗಳ ಖರ್ಚು ‘ಕನ್ಸ್ಯೂಮಬಲ್ಸ್’ ಎಂಬ ಬೇರೆ ಆ್ಯಡ್-ಆನ್‌ನಲ್ಲಿ ಬರುತ್ತದೆ.

ಪ್ರಶ್ನೆ: ತೋಟದ ಸಿಲ್ವರ್ ಓಕ್ ಕಾರಿನ ಮೇಲೆ ಬಿದ್ದರೆ, ಬರೆ ಕುಸಿದರೆ, ಆನೆ ತುಳಿದರೆ ವಿಮೆ ಸಿಗುತ್ತದೆಯೇ? (ಸಿದ್ದಾಪುರ)

ಉತ್ತರ: ಓನ್ ಡ್ಯಾಮೇಜ್ ಇದ್ದರೆ ಮೂರಕ್ಕೂ ಸಿಗುತ್ತದೆ. ಭೂಕುಸಿತ ಮತ್ತು ಬಂಡೆ ಜಾರುವಿಕೆ ಪಾಲಿಸಿಯಲ್ಲಿ ಹೆಸರು ಹಿಡಿದೇ ಇದೆ, ಮರ ಮತ್ತು ಆನೆ ‘ಹೊರಗಿನ ಕಾರಣದಿಂದಾದ ಅಪಘಾತ’ಕ್ಕೆ ಸೇರುತ್ತವೆ. ಬರೀ ಥರ್ಡ್ ಪಾರ್ಟಿ ಇದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ ಕಾರು ಹಳೆಯದಾಯಿತೆಂದು ಓನ್ ಡ್ಯಾಮೇಜ್ ಬಿಡುವ ಮುನ್ನ ಯೋಚಿಸಿ. ಅಗ್ನಿಶಾಮಕದವರೋ ವಿದ್ಯುತ್ ಕಂಪನಿಯಾದ ಸೆಸ್ಕ್‌ನವರೋ ಮರ ಕತ್ತರಿಸುವ ಮೊದಲು ಫೋಟೋ ತೆಗೆದಿರಿ. ಆನೆಯಾದರೆ ಅರಣ್ಯ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಬರುವವರನ್ನು ಬಿಳಿ ಬೋರ್ಡಿನ ಜೀಪಿನಲ್ಲಿ ಮಾಂದಲಪಟ್ಟಿಗೆ ಕರೆದೊಯ್ಯುತ್ತೇವೆ, ಡೀಸೆಲ್ ಖರ್ಚು ಮಾತ್ರ ತೆಗೆದುಕೊಳ್ಳುತ್ತೇವೆ. ತೊಂದರೆ ಇದೆಯೇ? (ಸೋಮವಾರಪೇಟೆ ತಾಲ್ಲೂಕು)

ಉತ್ತರ: ದೊಡ್ಡ ತೊಂದರೆ ಇದೆ, ದಯವಿಟ್ಟು ಇದನ್ನು ಇವತ್ತೇ ಸರಿಪಡಿಸಿಕೊಳ್ಳಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲಿದೆ. ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸಿದರೆ ರಕ್ಷಣೆ ಇಲ್ಲ. ಡೀಸೆಲ್ ಹೆಸರಿನಲ್ಲಿ ಪಡೆದದ್ದೂ, ಪ್ಯಾಕೇಜಿನಲ್ಲಿ ಸೇರಿಸಿದ್ದೂ ಪ್ರತಿಫಲವೇ ಎಂದು ಕಂಪನಿ ವಾದಿಸುತ್ತದೆ. ಜೀಪಿನ ರಿಪೇರಿ ಹಣ ನಿಲ್ಲುತ್ತದೆ. ಅದಕ್ಕಿಂತ ಭಯವಾಗಬೇಕಾದದ್ದು ಗಾಯಾಳುಗಳ ಪರಿಹಾರ. ನ್ಯಾಯಮಂಡಳಿ ಕಂಪನಿಯಿಂದ ಮೊದಲು ಕೊಡಿಸಿ ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಆದೇಶಿಸಬಹುದು. ಲಕ್ಷಗಟ್ಟಲೆ ಹಣಕ್ಕೆ ತೋಟವೇ ಒತ್ತೆ ಬೀಳಬಹುದು. ಹಳದಿ ಬೋರ್ಡಿಗೆ ಬದಲಿಸಿ ವಾಣಿಜ್ಯ ಪಾಲಿಸಿ ತೆಗೆದುಕೊಳ್ಳಿ, ಇಲ್ಲವೇ ಅಲ್ಲಿನ ಬಾಡಿಗೆ ಜೀಪಿನವರಿಗೆ ಅತಿಥಿಗಳನ್ನು ಒಪ್ಪಿಸಿ.

ಸಂಬಳದ ಡ್ರೈವರ್ ಇಟ್ಟುಕೊಂಡವರು ಅವರ ಹೊಣೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ. ಅದಕ್ಕೆ ಹೆಚ್ಚುವರಿ ಪ್ರೀಮಿಯಂ ತಲೆಗೆ ರೂ. 50ರಷ್ಟು, ಅಷ್ಟೇ. ಕಾಫಿ ಕೊಯ್ಲಿನ ಕಾಲದಲ್ಲಿ ಪಿಕಪ್ ಹಿಂದೆ ಆಳುಗಳನ್ನು ತುಂಬಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ, ಅಪಘಾತವಾದರೆ ವಿಮೆಯೂ ಕೈ ಕೊಡುತ್ತದೆ.

ಪ್ರಶ್ನೆ: ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದೆ. ಪಾಲಿಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದೆ, ಎಂಟು ತಿಂಗಳು ಬಾಕಿ ಇದೆ. ಅವಧಿ ಮುಗಿದ ಮೇಲೆ ಬದಲಿಸಿದರೆ ಸಾಕಲ್ಲವೇ? (ಗೋಣಿಕೊಪ್ಪ)

ಉತ್ತರ: ಸಾಲದು. ಕಾರು ಕೈ ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ವರ್ಗಾವಣೆ ಕೇಳಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನಂತೆ ತಾನಾಗಿ ನಿಮಗೆ ಬರುತ್ತದೆ, ಓನ್ ಡ್ಯಾಮೇಜ್ ಬರುವುದಿಲ್ಲ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಹಾಗಾಗಿ ಅವರು ಪಡೆದಿದ್ದ ರಿಯಾಯಿತಿಯಲ್ಲಿ ಉಳಿದ ತಿಂಗಳಿನ ಪಾಲನ್ನು ನೀವು ಕಟ್ಟಬೇಕಾಗುತ್ತದೆ. ನೀವು ನಿಮ್ಮ ಹಳೆಯ ಕಾರು ಮಾರಿದ್ದರೆ ಆ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆಯಿರಿ. ಮೂರು ವರ್ಷದೊಳಗೆ ಅದನ್ನು ಬಳಸಬಹುದು.

ಪ್ರಶ್ನೆ: ಕ್ಲೇಮ್ ತಿರಸ್ಕರಿಸಿದ್ದಾರೆ, ಫೋನಿನಲ್ಲಿ ಹೇಳಿದರು ಅಷ್ಟೇ. ಕೋರ್ಟಿಗೆ ಹೋಗುವ ಶಕ್ತಿ ಇಲ್ಲ. (ವಿರಾಜಪೇಟೆ)

ಉತ್ತರ: ಕೋರ್ಟಿಗೆ ಮುನ್ನ ಬೇರೆ ದಾರಿ ಇದೆ. ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದರೆಂದು ಲಿಖಿತವಾಗಿ ಕೇಳಿ. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ. ನಂತರ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ತಕರಾರು ಬಗೆಹರಿಸುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಅರ್ಜಿ ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರೂ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಅರ್ಜಿಯ ಜೊತೆ ಪಾಲಿಸಿ, ತಿರಸ್ಕಾರ ಪತ್ರ, ನೀವು ಕಳುಹಿಸಿದ ಪತ್ರಗಳ ಸ್ವೀಕೃತಿ, ಗ್ಯಾರೇಜಿನ ಅಂದಾಜು ಪಟ್ಟಿ ಮತ್ತು ಫೋಟೋಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಇಡಿ.