ಹಳೆ ರೈಫಲ್ ಗುರಿ ತಪ್ಪಿದರೆ ನಳಿಗೆಯನ್ನೇ ಯಾಕೆ ಬೈಯುತ್ತೀರಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ .315 ರೈಫಲ್ ತೆಗೆದುಕೊಂಡೆ. 50 ಮೀಟರಿನಲ್ಲಿ ಐದು ಗುಂಡು ಹೊಡೆದರೆ ಊಟದ ತಟ್ಟೆಯಗಲ ಚದುರುತ್ತವೆ. ನಳಿಗೆ ಸತ್ತಿದೆ, ಬದಲಿಸಿ ಅನ್ನುತ್ತಾರೆ. ಹೌದೇ? (ವಿರಾಜಪೇಟೆ)

ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ. ಸತ್ತಿದೆ ಎಂದವರು ಒಳಗೆ ಇಣುಕಿ ನೋಡಿದ್ದರೇ? ವರ್ಷಕ್ಕೆ ಹತ್ತಿಪ್ಪತ್ತು ತೋಟಾ ಸುಡುವ ರೈಫಲ್‌ನಲ್ಲಿ ನಳಿಗೆ ಸವೆದು ಹೋಗುವುದು ಅಪರೂಪ. ಕೊಳೆ, ತುಕ್ಕು, ಸಡಿಲ ಸ್ಕ್ರೂ, ಇವೇ ಹೆಚ್ಚು.

ಮರವನ್ನು ಬಿಗಿದ ಸ್ಕ್ರೂಗಳು, ಗುರಿ ಹಿಡಿಯುವ ಮುಂದಿನ ಸೈಟ್ ಅಲ್ಲಾಡುತ್ತವೆಯೇ ನೋಡಿ. ಆಮೇಲೆ ಬೋಲ್ಟ್ ತೆಗೆದಿಟ್ಟು ಬಾಯಿಯ ಕಡೆಯಿಂದ ಟಾರ್ಚ್ ಬಿಡಿ. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳ ಏಣಿನ ಮೇಲೆ ಕೆಂಚು ಪಟ್ಟೆ ಕಂಡರೆ ಅದು ಗುಂಡಿನ ಹೊದಿಕೆಯಿಂದ ಹತ್ತಿದ ತಾಮ್ರ. ಮಾಮೂಲಿ ಗನ್ ಎಣ್ಣೆಗೆ ಅದು ಜಗ್ಗುವುದಿಲ್ಲ. ಅಮೋನಿಯ ಇರುವ ಸಾಲ್ವೆಂಟ್ ಬೇಕು, ನೈಲಾನ್ ಬ್ರಷ್ ಬೇಕು, ಸಲಾಕೆ ಹಿಂಬದಿಯಿಂದಲೇ ಹೋಗಬೇಕು. ಬಾಟಲಿಯ ಮೇಲೆ ಬರೆದಷ್ಟೇ ನಿಮಿಷ ಬಿಡಿ. ರಾತ್ರಿಯಿಡೀ ನೆನೆಸಿದರೆ ಉಕ್ಕಿಗೇ ಪೆಟ್ಟು. ಬಿಳಿ ಬಟ್ಟೆ ನೀಲಿಯಾಗಿ ಬರುತ್ತಿರುವಷ್ಟು ಕಾಲ ತಾಮ್ರ ಉಳಿದಿದೆ ಎಂದರ್ಥ. ಕಂಚಿನ ಬ್ರಷ್ ಹಾಕಿದರೆ ಬಟ್ಟೆ ಎಂದೂ ಬೆಳ್ಳಗಾಗುವುದಿಲ್ಲ, ಆಗ ಕರಗುತ್ತಿರುವುದು ನಿಮ್ಮ ಬ್ರಷ್.

ತುಕ್ಕಿನ ಗುಳಿ ಸರಿಯಾಗಿ ಕಾಣುವುದು ತಾಮ್ರ ಹೋದ ಮೇಲೆಯೇ. ಹಳೆ ತೋಟಾಗಳ ಕ್ಲೋರೇಟ್ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಬುಡದ ಬಟ್ಟಲು) ನಳಿಗೆಯ ಒಳಗೆ ಉಪ್ಪು ಬಿಡುತ್ತದೆ, ಮಡಿಕೇರಿಯ ಮಳೆಗಾಲದಲ್ಲಿ ಆ ಉಪ್ಪು ನೀರು ಹೀರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹೊಡೆದ ದಿನವೇ ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ. ನಡುವೆ ಅಲ್ಲಲ್ಲಿ ಸಣ್ಣ ಗುಳಿಗಳಿದ್ದರೆ ಗಾಬರಿ ಬೇಡ, ಬೇಗ ಕೊಳೆ ಹಿಡಿಯುತ್ತದೆ ಅಷ್ಟೆ. ಬಾಯಿಯ ಕೊನೆಯ ಅಂಗುಲದಲ್ಲಿದ್ದರೆ ಮಾತ್ರ ಗುರಿ ಕೆಡುತ್ತದೆ.

ಬಾಯಿಯ ಅಂಚಿನ ಸುತ್ತ ಕಿವಿಗೆ ಹಾಕುವ ಹತ್ತಿಕಡ್ಡಿ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡ ಕಡೆ ಅಂಚು ಮುಕ್ಕಾಗಿದೆ. ಮುಂದಿನಿಂದ ಸಲಾಕೆ ತುರುಕುವವರು, ಒರೆಸುವ ಬಟ್ಟೆ ಕಟ್ಟಿದ ದಾರವನ್ನು ಓರೆಯಾಗಿ ಎಳೆಯುವವರು ಮಾಡಿಟ್ಟ ಕೆಲಸ ಇದು. ಪರವಾನಗಿ ಇರುವ ಗನ್‌ಸ್ಮಿತ್ ಅಂಚನ್ನು ಸರಿಮಾಡಬಲ್ಲರು, ಹೊಸ ನಳಿಗೆ ಬೇಡ. ಲೇತ್ ಅಂಗಡಿಗೆ ಹೋಗಿ "ಒಂದಿಂಚು ಕೊಯ್ದುಬಿಡಿ" ಎನ್ನಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ನಳಿಗೆ ಮೊಟಕು ಮಾಡಲು ಪರವಾನಗಿ ಬೇಕು. ಕೊಡವರು ಮೊದಲಾದವರಿಗೆ ಪರವಾನಗಿಯಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಕೊಯ್ಯುವುದಕ್ಕಲ್ಲ.

ಬಿಗಿಯಾದ ಬಟ್ಟೆಯನ್ನು ಹಿಂದಿನಿಂದ ನಿಧಾನ ತಳ್ಳಿ. ಮಧ್ಯದಲ್ಲೆಲ್ಲೋ ಸಟ್ಟನೆ ಸಡಿಲಾಗಿ ಮತ್ತೆ ಬಿಗಿಯಾಯಿತೇ? ಅದೇ ಜಾಗದಲ್ಲಿ ಟಾರ್ಚಿಗೆ ಕಪ್ಪು ಉಂಗುರ ಕಂಡಿತೇ? ನಳಿಗೆ ಉಬ್ಬಿದೆ, ಮಣ್ಣೋ ಚಿಂದಿಯೋ ಸಿಕ್ಕಿಕೊಂಡಿದ್ದಾಗ ಯಾರೋ ಹೊಡೆದಿದ್ದಾರೆ. ಇನ್ನೊಂದು ತೋಟಾ ಹಾಕಬೇಡಿ. ಬದಲಿಸಬೇಕಾದ ನಳಿಗೆ ಇದು.

ಇದೆಲ್ಲ ಮುಗಿದ ಮೇಲೆ ಒಳಗಿನ ಎಣ್ಣೆ ಒರೆಸಿ, ಮರಳುಚೀಲದ ಮೇಲಿಟ್ಟು, ಐದೈದರಂತೆ ಮೂರು ಸುತ್ತು ಹೊಡೆಯಿರಿ. ನಡುನಡುವೆ ತಣಿಯಲು ಬಿಡಿ. ಕಾಗದದ ತೂತು ಉದ್ದುದ್ದ ಬಿದ್ದರೆ ಗುಂಡು ಅಡ್ಡ ತಿರುಗುತ್ತಿದೆ: ಗೆರೆ ಸವೆದಿದೆ, ಇಲ್ಲವೇ ಗುಂಡು ಸಣ್ಣದು. ಬಿಸಿಯಾದಂತೆ ಗುಂಡುಗಳು ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಮಳೆಗೆ ಉಬ್ಬಿದ ಮರ ನಳಿಗೆಯನ್ನು ಒತ್ತುತ್ತಿರಬಹುದು. ನೀವೇ ಉಜ್ಜುಕಾಗದ ಹಿಡಿಯಬೇಡಿ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ (ಹಳೆ ಬ್ರಿಟಿಷ್ ಸೇನಾ ರೈಫಲ್, ಸಾಮಾನ್ಯ .315ಕ್ಕೂ ಅದೇ ಮೂಲ) ಮರ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬ ಲೆಕ್ಕವಿದೆ.

ಪ್ರಶ್ನೆ: ಕೊಬ್ಬರಿ ಎಣ್ಣೆ ಸಾಕಲ್ಲವೇ?

ತಲೆಗೆ ಸಾಕು.

ಪ್ರಶ್ನೆ: ಗ್ಯಾರೇಜಿನವರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಒಳಗೆ ಪಾಲಿಶ್ ಮಾಡಿಕೊಡುತ್ತೇನೆ ಎನ್ನುತ್ತಾರೆ.

ಏಣುಗಳ ಮೂಲೆ ಉರುಟಾಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಅವರು ಸ್ಕೂಟರ್ ರಿಪೇರಿ ಮಾಡಲಿ.

ಪ್ರಶ್ನೆ: ಭಾವನ ರೈಫಲ್‌ನ ಬೋಲ್ಟ್ ನನ್ನದಕ್ಕೆ ಸಲೀಸಾಗಿ ಕೂರುತ್ತದೆ, ಹಾಕಲೇ?

ಬೇಡ. ಕೂರುವುದು ಬೇರೆ, ಹೆಡ್‌ಸ್ಪೇಸ್ (ತೋಟಾ ಕೂತಾಗ ಬೋಲ್ಟಿನ ಮುಖದವರೆಗೆ ಉಳಿಯುವ ಸಂದು) ಸರಿಯಿರುವುದು ಬೇರೆ. ಅದು ಹೆಚ್ಚಾದರೆ ತೋಟಾ ಸೀಳಿ ಬಿಸಿ ಗಾಳಿ ನಿಮ್ಮ ಮುಖಕ್ಕೇ ಬರುತ್ತದೆ.

ಪ್ರಶ್ನೆ: ಸರಿಯಾದ ಮೇಲೆ ಹಂದಿಗೆ ಹೊಡೆಯಬಹುದೇ?

1972ರ ವನ್ಯಜೀವಿ ಕಾಯ್ದೆ ಇದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿಲ್ಲದಿದ್ದರೆ ತೆಂಗಿನಕಾಯಿಗೆ ಹೊಡೆಯಿರಿ.