ಚಿತ್ರಮೂಲದ ಬೇರಿನಿಂದ ಒಂದೇ ಸಂಯುಕ್ತ ತೆಗೆಯಿರಿ, ಆದರೆ ಶುದ್ಧವಾಗಿ ತೆಗೆಯಿರಿ

ಉಡುಪಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಕೇಳಿದ್ದು ಇಷ್ಟು: ಚಿತ್ರಮೂಲದ (ಪ್ಲಂಬಾಗೊ ಜೈಲಾನಿಕಾ) ಬೇರಿನಲ್ಲಿರುವ ಔಷಧೀಯ ಸಂಯುಕ್ತಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಸಾರ ತೆಗೆದು ಜಿಸಿ-ಎಂಎಸ್‌ಗೆ ಕೊಟ್ಟರೆ ಸಾಕಾ?

ಸಾಕಾಗುವುದಿಲ್ಲ. ಜಿಸಿ-ಎಂಎಸ್ ಸಾರವನ್ನು ಆವಿ ಮಾಡಿ, ಬೇರ್ಪಡಿಸಿ, ಅಣುಚೂರುಗಳ ತೂಕ ನೋಡುವ ಯಂತ್ರ. ಅದು ತನ್ನ ಲೈಬ್ರರಿಯಲ್ಲಿ ಹತ್ತಿರ ಹೋಲುವ ಹೆಸರು ಕೊಡುತ್ತದೆ, ಅಷ್ಟೇ. ಆವಿಯಾಗದ ವಸ್ತುಗಳು ಅದರಲ್ಲಿ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಟ್ಯೂಬಿನಿಂದ ಬಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುವಾಗಿಸಲು ಹಾಕುವ ರಾಸಾಯನಿಕ) ಕೂಡ ಎಷ್ಟೋ ಸಲ ಗಿಡದ ಸಂಯುಕ್ತ ಅಂತ ಪಟ್ಟಿ ಸೇರಿಬಿಡುತ್ತದೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಉದ್ದ ಪಟ್ಟಿ ಬಿಡಿ. ಒಂದನ್ನು ಶುದ್ಧವಾಗಿ ತೆಗೆದು, ಅದು ಅದೇ ಎಂದು ಸಾಬೀತು ಮಾಡಿ.

ಅದಕ್ಕೆ ಚಿತ್ರಮೂಲ ಒಳ್ಳೆಯ ಆಯ್ಕೆ. ಇದರ ಮುಖ್ಯ ಸಂಯುಕ್ತ ಪ್ಲಂಬಾಜಿನ್‌ಗೆ ಬಣ್ಣವಿದೆ, ಕಣ್ಣಿಗೇ ಕಾಣುತ್ತದೆ. ಆಯುರ್ವೇದ ವೈದ್ಯರು ಬೇರನ್ನು ಶೋಧನೆ (ಶುದ್ಧೀಕರಣ) ಮಾಡುವಾಗ ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತಾರಲ್ವಾ? ನೀರು ಕೆಂಪಾಗುತ್ತದೆ. ಕ್ಷಾರಕ್ಕೆ ಪ್ಲಂಬಾಜಿನ್ ಬಣ್ಣ ಬದಲಿಸಿ ನೀರಿಗೆ ಇಳಿಯುತ್ತದೆ, ಬೇರಿನ ಖಾರ ಕಡಿಮೆಯಾಗುತ್ತದೆ.

ಮೊದಲು ಗಿಡ ಖಚಿತವಾಗಲಿ. ಬಿಳಿ ಹೂವು, ಮುಟ್ಟಿದರೆ ಅಂಟುವ ಪುಷ್ಪಪಾತ್ರೆ. ತೋಟದಲ್ಲಿ ಅಂದಕ್ಕೆ ಬೆಳೆಸುವ ನೀಲಿ ಹೂವಿನದ್ದು ಬೇರೆ ಜಾತಿ. ಸಸ್ಯಶಾಸ್ತ್ರದವರಿಗೆ ತೋರಿಸಿ, ಹರ್ಬೇರಿಯಂ ಮಾದರಿ (ದಾಖಲೆಗೆ ಒಣಗಿಸಿಟ್ಟ ಗಿಡ) ಇಡಿಸಿ. ಗ್ಲೌಸ್ ಇಲ್ಲದೆ ಹಸಿ ಬೇರು ಅರೆಯಬೇಡಿ, ಚರ್ಮ ಬೊಬ್ಬೆ ಏಳುತ್ತದೆ. ನಮ್ಮ ಮಳೆಗಾಲದಲ್ಲಿ ನೆರಳಲ್ಲಿ ಒಣಗಿಸಲು ಹೋದರೆ ಬೂಸ್ಟು ಹಿಡಿಯುವುದೇ ಜಾಸ್ತಿ. 40 ಡಿಗ್ರಿಯ ಓವನ್ ಸಾಕು. ಬಿಸಿ ಹೆಚ್ಚಾದರೆ ಪ್ಲಂಬಾಜಿನ್ ಆವಿಯಾಗಿ ಹೋಗುತ್ತದೆ.

ಪುಡಿಯನ್ನು ಹೆಕ್ಸೇನ್ ಅಥವಾ ಕ್ಲೋರೋಫಾರ್ಮ್‌ನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ರೋಟಾವೇಪರ್‌ನಲ್ಲಿ (ಒತ್ತಡ ತಗ್ಗಿಸಿ ದ್ರಾವಕ ಹಾರಿಸುವ ಉಪಕರಣ) ಕಡಿಮೆ ಬಿಸಿಗೆ ಇಂಗಿಸಿ. ಆಮೇಲೆ ಟಿಎಲ್‌ಸಿ, ಅಂದರೆ ಸಿಲಿಕಾ ಬಳಿದ ಪ್ಲೇಟಿನ ಮೇಲೆ ದ್ರಾವಕ ಏರಿಸಿ ಸಂಯುಕ್ತಗಳನ್ನು ಚುಕ್ಕೆಗಳಾಗಿ ಬೇರೆ ಮಾಡುವ ಪರೀಕ್ಷೆ. ಹೆಕ್ಸೇನ್, ಈಥೈಲ್ ಅಸಿಟೇಟ್ 9:1ರಿಂದ ಶುರುಮಾಡಿ. ಹಳದಿ ಚುಕ್ಕೆಯ ಮೇಲೆ ಕ್ಷಾರ ಸಿಂಪಡಿಸಿದರೆ ಅದು ಗುಲಾಬಿಯತ್ತ, ನೇರಳೆಯತ್ತ ತಿರುಗುತ್ತದೆ. ಇಲ್ಲಿ ಕರಾವಳಿಯ ಒಂದು ತೊಂದರೆ ಇದೆ. ಸಿಲಿಕಾ ಪ್ಲೇಟು ಗಾಳಿಯ ತೇವ ಕುಡಿಯುತ್ತದೆ, ಚುಕ್ಕೆ ಇರಬೇಕಾದ್ದಕ್ಕಿಂತ ಮೇಲೆ ಓಡುತ್ತದೆ. ಬಳಸುವ ಮೊದಲು ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ.

ಆಮೇಲೆ ಸಾರವನ್ನು ಕಾಲಮ್‌ಗೆ (ಸಿಲಿಕಾ ತುಂಬಿದ ಗಾಜಿನ ಕೊಳವೆ) ಹಾಕಿ. ಬರೀ ಹೆಕ್ಸೇನ್‌ನಿಂದ ಶುರುಮಾಡಿ, ಈಥೈಲ್ ಅಸಿಟೇಟ್ ನಿಧಾನವಾಗಿ ಏರಿಸಿ. ಗಾಜಿನೊಳಗೆ ಹಳದಿ ಪಟ್ಟಿ ಕೆಳಗಿಳಿಯುವುದು ಕಾಣುತ್ತದೆ. ಕೆಳಗೆ ಬೇರೆ ಬೇರೆಯಾಗಿ ಹಿಡಿದ ಭಾಗಗಳಲ್ಲಿ (ಫ್ರ್ಯಾಕ್ಷನ್) ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ ಕೊಡುವವನ್ನು ಮಾತ್ರ ಸೇರಿಸಿ ಹರಳು ಕಟ್ಟಲು ಬಿಡಿ. ಹಳದಿ-ಕಿತ್ತಳೆ ಸೂಜಿಗಳು ಬರುತ್ತವೆ, ಸುಮಾರು 78 ಡಿಗ್ರಿಗೆ ಕರಗುತ್ತವೆ.

ಗುರುತಿಸುವ ಹಂತದಲ್ಲಿ ಅವಸರ ಬೇಡ. ಅಣುತೂಕ 188 ಬಂತು ಅಂತ ಪ್ಲಂಬಾಜಿನ್ ಎಂದು ಬರೆದುಬಿಡುವಂತಿಲ್ಲ. 7-ಮೀಥೈಲ್‌ಜುಗ್ಲೋನ್‌ನದ್ದೂ ಅದೇ 188, ಅದೇ ಅಣುಸೂತ್ರ. ಇವೆರಡನ್ನೂ ಬೇರೆ ಮಾಡುವುದು ಎನ್‌ಎಂಆರ್, ಅಂದರೆ ಅಣುವಿನ ಯಾವ ಜಾಗದಲ್ಲಿ ಎಷ್ಟು ಹೈಡ್ರೋಜನ್ ಇದೆ ಎಂದು ತೋರಿಸುವ ಪರೀಕ್ಷೆ. ಪ್ಲಂಬಾಜಿನ್‌ನ ಮೀಥೈಲ್ ಗುಂಪು ಎರಡು ಕಾರ್ಬೊನಿಲ್ ಇರುವ ಕ್ವಿನೋನ್ ಉಂಗುರದ ಮೇಲಿದೆ. ಹಾಗಾಗಿ ಕ್ವಿನೋನ್ ಕಡೆ, ರೇಖಾಚಿತ್ರದ 6.8 ಪಿಪಿಎಂ ಹತ್ತಿರ, ಒಂದೇ ಹೈಡ್ರೋಜನ್, ಆರೊಮ್ಯಾಟಿಕ್ ಕಡೆ ಮೂರು. ಇನ್ನೊಂದರಲ್ಲಿ ಕ್ವಿನೋನ್ ಕಡೆ ಎರಡು, ಆರೊಮ್ಯಾಟಿಕ್ ಕಡೆ ಎರಡು. 12ರ ಹತ್ತಿರದ ಚೂಪು ಗೆರೆ ಪಕ್ಕದ ಕಾರ್ಬೊನಿಲ್‌ಗೆ ಹೈಡ್ರೋಜನ್ ಬಂಧದಿಂದ ಅಂಟಿಕೊಂಡ ಹೈಡ್ರಾಕ್ಸಿಲ್‌ನದ್ದು. ಅದು ಎರಡರಲ್ಲೂ ಇರುತ್ತದೆ, ಅದನ್ನೇ ನಂಬಬೇಡಿ.

ಔಷಧೀಯ ಗುಣದ ಪರೀಕ್ಷೆಯನ್ನು ಕಚ್ಚಾ ಸಾರ, ಫ್ರ್ಯಾಕ್ಷನ್, ಶುದ್ಧ ಹರಳು ಮೂರರ ಮೇಲೂ ಮಾಡಿ. ಪ್ಲಂಬಾಜಿನ್ ಆರೋಗ್ಯವಂತ ಕೋಶಗಳನ್ನೂ ಕೊಲ್ಲಬಲ್ಲದು. ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವುದಾದರೆ ಪಕ್ಕದಲ್ಲೇ ಸಾಮಾನ್ಯ ಕೋಶಗಳದ್ದೂ ಫಲಿತಾಂಶ ಇರಲಿ. ಹರಳನ್ನು ಕಂದು ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಎನ್‌ಎಂಆರ್‌ಗೆ ಬೇಕಾದಷ್ಟನ್ನು ಮೊದಲೇ ತೆಗೆದಿಟ್ಟುಕೊಳ್ಳಿ.